ಒರಗಬಾರದ ಗೋಡೆ

ಅಂಗಳದಲ್ಲಿ ಮೀಯಿಸಿ ಬಿಳಿ ಬಟ್ಟೆ ಉಡಿಸಿದ್ದ ಹೆಣವನ್ನು ಪೆರುಮಾಳನೂ ಇನ್ನಿಬ್ಬರೂ ಕಂಕುಳಿಗೆ ಕೈಕೊಟ್ಟು ಜಗಲಿಗೆ ಎತ್ತುತ್ತಿದ್ದಂತೆ ಹೆಂಡತಿ ಕದಿರಮ್ಮ ಅಡ್ಡ ಬಂದು ನಿಂತಳು.

"ಅಲ್ಲಿ ಬ್ಯಾಡ. ಒಳೀಕೆ ತನ್ನಿ. ಆ ಅಳದಿ ಗ್ವಾಡೆಗೆ ಒರಗ್ಸಿ ಕೂರ್ಸಿ."

ಅಳುತ್ತಿದ್ದ ಹೆಂಗಸರು ಕತ್ತೆತ್ತಿ ನೋಡಿದರು. ಸತ್ತ ಆಂಜಿನಪ್ಪನ ಅಕ್ಕ ಅಮ್ಮಾಜಮ್ಮ, ಸುದ್ದಿ ತಿಳಿದು ಬಂಗಾರಪೇಟೆಯಿಂದ ರೈಲು ಹಿಡಿದು ಬಂದವಳು, ಸೆರಗಿನಲ್ಲಿ ಮೂಗೊರೆಸಿಕೊಂಡು ಗದರಿದಳು. "ತಲೆ ಗಿಲೆ ಕೆಟ್ಟದಾ ನಿನ್ಗೆ? ಜಗಲಿ ಗ್ವಾಡೆಗೆ ಕೂರ್ಸೋದು ನಮ್ಮ ಪದ್ಧತಿ. ಆ ಬಣ್ಣ ಮುಟ್ಟಿದ್ರೆ ಕೈಗೆ ಬತ್ತದೆ. ಬಿಳೀ ಬಟ್ಟೆಯೆಲ್ಲಾ ಆಳಾಗೋಗ್ತದೆ."

"ಆಗ್ಲಿ ಬಿಡು. ಇವತ್ತು ಒಗೆಯೋಳು ನಾನಲ್ಲ," ಎಂದಳು ಕದಿರಮ್ಮ.

*

ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯ ಆಳದಲ್ಲಿ ಕಲ್ಲು ಕೊರೆದು ಕೊರೆದು ಆಂಜಿನಪ್ಪನ ಎದೆಯಲ್ಲಿ ಧೂಳು ಕೂತಿತ್ತು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಗೋಡೆಗೆ ಒರಗಿ ಕೂತರಷ್ಟೇ ನಿದ್ದೆ. ಹೋದ ದೀಪಾವಳಿಗೆ ಪುಣ್ಯಾತ್ಮನಿಗೆ ಅದೆಲ್ಲಿಂದ ಹುರುಪು ಬಂತೋ, ಸುಣ್ಣಕ್ಕೆ ಹಳದಿ ಪುಡಿ ಕಲಸಿ, ಕೆಮ್ಮುತ್ತಾ ಕೆಮ್ಮುತ್ತಾ ಒಳಮನೆಗೆಲ್ಲ ತಾನೇ ಬಳಿದ.

"ನೋಡೇ ಕದಿರಿ. ಅರ್ಧ ಆಯಸ್ಸು ಗುಂಡಿ ಕತ್ಲಲ್ಲೇ ಓಯ್ತು. ಮನೇಲಾದ್ರೂ ಎಳೇ ಬಿಸ್ಲು ಇರ್ಲಿ ಅಂತ."

ಅವಳ ಮುಖ ಅರಳಿತ್ತು, ಸುಳ್ಳೇಕೆ? ಆದರೆ ಬಣ್ಣ ಹಿಡಿದುಕೊಳ್ಳಲೆಂದು ಕುದಿಸಿಟ್ಟ ಗೋಂದನ್ನು ಬೆರೆಸುವುದನ್ನೇ ಮಹರಾಯ ಮರೆತಿದ್ದ. ಮಾರನೆಯ ದಿನ ನೋಡಿದರೆ ಅವನ ಅಂಗಿಯ ಬೆನ್ನೆಲ್ಲ ಹಳದಿ, ಗೋಡೆಯಲ್ಲಿ ಬಿಳಿಯ ಮಚ್ಚೆ. ಉಳಿದ ಬಣ್ಣವನ್ನು ಮಚ್ಚೆಗೆ ಬಳಿದು ಕದಿರಮ್ಮ ಕಟ್ಟಪ್ಪಣೆ ಮಾಡಿದಳು.

"ಇನ್ ಮ್ಯಾಕೆ ಒರಗ್ಬ್ಯಾಡ. ನಿನ್ನ ಬಿಸ್ಲು ನೀನೇ ಕೆಡಿಸ್ತೀಯ."

ಅವನು ನಗುತ್ತಾ ಸರಿದು ಕೂತ. ಆಮೇಲೆ ಅವಳು ಅಂದದ್ದೇ ಅಂದದ್ದು. ನಿನ್ನೆ ಸಂಜೆಯೂ ಅಂದಳು. ಉಸಿರಿಗೆ ಒದ್ದಾಡುತ್ತಿದ್ದವನು ಕೋಣೆಯ ನಡುವೆ ಮಂಡಿ ತಬ್ಬಿಕೊಂಡು ಕೂತ. ಬೆಳಗಾಗುವಷ್ಟರಲ್ಲಿ ಅಲ್ಲೇ ಪಕ್ಕಕ್ಕೆ ವಾಲಿ ಬಿದ್ದಿದ್ದ. ಆ ಮಾತನ್ನಾಡಿದ ನಾಲಿಗೆಯನ್ನು ಕಿತ್ತು ಬಿಸಾಡಬೇಕು ಅನ್ನಿಸುತ್ತಿತ್ತು ಕದಿರಮ್ಮನಿಗೆ.

*

"ಕದಿರಮ್ಮಕ್ಕ ಯೋಳ್ದಂಗೇ ಆಗ್ಲಿ ಬಿಡಮ್ಮಾ," ಎಂದು ಅಮ್ಮಾಜಮ್ಮನಿಗೆ ಹೇಳಿದ ಪೆರುಮಾಳ್, ಗಣಿಯಲ್ಲಿ ಆಂಜಿನಪ್ಪನ ಜೊತೆಗೇ ಇಳಿಯುತ್ತಿದ್ದವನು. "ಅಣ್ಣ ಒಂದ್ಗಳಿಗೆ ಸುಧಾರಿಸ್ಕೊಳ್ಳಿ."

ಒಳಗೆ ತಂದು ಕೂರಿಸಿದರು. ಕದಿರಮ್ಮ ಗಂಡನ ಭುಜ ಹಿಡಿದು ಮೆಲ್ಲಗೆ ಹಿಂದಕ್ಕೆ ಒತ್ತಿದಳು. "ಒರಗ್ಕೋ. ಚೆನ್ನಾಗ್ ಒರಗ್ಕೋ. ಇವತ್ತು ಏನೂ ಅನ್ನಲ್ಲ ನಾನು."

ಅಮ್ಮಾಜಮ್ಮ ಬಾಯಿಗೆ ಸೆರಗು ತುರುಕಿಕೊಂಡಳು.

ಮಧ್ಯಾಹ್ನ ತಮಟೆಯವರು ಬಂದರು. ಅವನನ್ನು ಎತ್ತಿದಾಗ ಬಿಳಿ ಬಟ್ಟೆಯ ಬೆನ್ನು ಪೂರ್ತಿ ಹಳದಿಯಾಗಿತ್ತು. ಯಾರೂ ಅದನ್ನು ಕೊಡವಲಿಲ್ಲ.

ತಮಟೆಯ ಸದ್ದು ದೂರವಾದ ಮೇಲೆ ಅಮ್ಮಾಜಮ್ಮ ಮನೆ ತೊಳೆಯಲು ಕೊಡಪಾನ ತಂದಳು. ಹೆಣ ಹೋದ ಮನೆಯಲ್ಲಿ ಗೋಡೆಗೂ ನೀರು ಬೀಳಬೇಕು. ಕೊಡಪಾನ ಎತ್ತಿದವಳು ಹಾಗೇ ನಿಂತಳು. ಗೋಡೆಯಲ್ಲಿ ತಮ್ಮನ ಬೆನ್ನು, ಭುಜ, ತಲೆ ಬಿಳಿಯಾಗಿ ಮೂಡಿದ್ದವು.

ಕದಿರಮ್ಮ ಹೋಗಿ ಅಲ್ಲಿ ಕೂತು, ಆ ಗುರುತಿಗೇ ಬೆನ್ನು ಕೊಟ್ಟು ಒರಗಿದಳು.

"ನೆಲ ತೊಳಿ, ಅತ್ಗೆ," ಎಂದಳು.

ಅಮ್ಮಾಜಮ್ಮ ನೀರನ್ನು ನೆಲಕ್ಕೆ ಸುರಿದಳು. ಕದಿರಮ್ಮನ ನೆತ್ತಿಯಿಂದ ಒಂದು ಗೇಣು ಮೇಲೆ, ಹಳದಿಯ ನಡುವೆ, ಅವನ ತಲೆಯ ಗುರುತು ಬೆಳ್ಳಗೆ ಕಾಣುತ್ತಿತ್ತು.