ತುಂಬಿದ ಡ್ರಮ್

ಒಂಬತ್ತು ದಿನ ಊರಲ್ಲಿಲ್ಲದೆ ಮನೆಗೆ ಬಂದವನು ಚಪ್ಪಲಿಯನ್ನೂ ಬಿಡದೆ ಬಾಲ್ಕನಿಗೆ ಓಡಿದೆ. ಹದಿನಾಲ್ಕು ಕುಂಡಗಳೂ ಹಸಿರಾಗಿದ್ದವು. ಹೆಂಡತಿ ನಾಲ್ಕು ವರ್ಷ ಮುದ್ದು ಮಾಡಿ ಬೆಳೆಸಿದ ಗುಲಾಬಿಯಲ್ಲಿ ಮೊಗ್ಗು ಕೂಡ ಬಂದಿತ್ತು.

"ಬಾ ಇಲ್ಲಿ, ನೋಡು ಬಾ!" ಎಂದು ಕೂಗಿದೆ.

ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು ನನ್ನ ಕೆಲಸ. ಮನೆಯಲ್ಲಿ ನನ್ನ ಹೆಸರು ವಿಜ್ಞಾನಿ. ಗೌರವದಿಂದ ಇಟ್ಟದ್ದಲ್ಲ. ಅತ್ತೆ ಮೈಗೆಲ್ಲ ಸೋಪು ಹಚ್ಚಿಕೊಂಡಿದ್ದಾಗ ನಾನು ಹಾಕಿದ್ದ ಸ್ಮಾರ್ಟ್ ಬಲ್ಬು ಅಪ್‌ಡೇಟ್ ಆಗಬೇಕೆಂದು ಕಣ್ಣು ಮುಚ್ಚಿತ್ತು. ನೆಲ ಗುಡಿಸುವ ರೋಬೋ ಹೆಂಡತಿಯ ಅರ್ಧ ಹೆಣೆದ ಸ್ವೆಟರನ್ನು ನುಂಗಿ ಕೆಟ್ಟು ಕೂತಿತ್ತು.

ಹಾಗಾಗಿ ಈ ಸಲ ಹನ್ನೊಂದು ದಿನ ಪರೀಕ್ಷೆ ಮಾಡಿದ್ದೆ. ಒಂದು ಡ್ರಮ್ ನೀರು, ಅದರೊಳಗೆ ಪುಟ್ಟ ಪಂಪು, ಪ್ರತಿ ಕುಂಡಕ್ಕೂ ಸಣ್ಣ ಪೈಪು. ಬೆಳಿಗ್ಗೆ ಆರಕ್ಕೆ ತಾನೇ ಆನ್ ಆಗಿ ನಾಲ್ಕು ನಿಮಿಷಕ್ಕೆ ಆಫ್ ಆಗುವ ಪ್ಲಗ್. ಗುಲಾಬಿಯ ಬುಡದಲ್ಲಿ ಮಣ್ಣಿನ ತೇವ ಅಳೆದು ಫೋನಿಗೆ ಕಳಿಸುವ ಕಡ್ಡಿ.

"ಗಿಡದ ಮೇಲೆ ನಿಮ್ಮ ಪ್ರಯೋಗ ಬೇಡ ರೀ," ಎಂದಿದ್ದಳು ಹೆಂಡತಿ. "ಕೆಳಗಿನ ಮನೆ ಟೈಲರ್ ಅಕ್ಕನಿಗೆ ಬೀಗದ ಕೈ ಕೊಟ್ಟು ಹೋಗೋಣ."

"ಇದೊಂದ್ಸಲ ನನ್ನ ನಂಬು."

ಅವಳು ನನ್ನ ಮುಖ ನೋಡಿ "ಆಯ್ತು" ಎಂದಳು. ಆ ಒಂದು ಮಾತನ್ನು ನಾನು ಬಟ್ಟೆಬರೆಯ ಜೊತೆ ಅವಳ ತಮ್ಮನ ಮನೆಗೂ ಹೊತ್ತುಕೊಂಡು ಹೋದೆ.

ಅಲ್ಲಿ ದಿನಾ ತಿಂಡಿಯ ಹೊತ್ತಿಗೆ ಫೋನು ತೆಗೆಯುತ್ತಿದ್ದೆ. ದಿನಾ ಹಸಿರು ಗುರುತು. "ಕುಡಿದವು ನೋಡಿ!"

"ಭಾವ, ನಮ್ಮನೇಲೂ ಒಂದು ಪ್ಲಗ್ ಹಾಕ್ಕೊಡಿ," ಎನ್ನುತ್ತಿದ್ದ ಭಾಮೈದ, ತನ್ನ ಹೆಂಡತಿಯ ಕಡೆ ನೋಡಿ. "ಇವಳ ಮಾತು ನಾಲ್ಕೇ ನಿಮಿಷಕ್ಕೆ ನಿಲ್ಲೋ ಹಾಗೆ."

ಎಲ್ಲರೂ ನಗುತ್ತಿದ್ದರು. ಹೆಂಡತಿ ತಟ್ಟೆ ನೋಡುತ್ತ "ಹೌದಾ? ಒಳ್ಳೇದಾಯ್ತು" ಎನ್ನುತ್ತಿದ್ದಳು.

ಈಗ ಡ್ರಮ್ಮಿನ ಮುಚ್ಚಳ ತೆಗೆದೆ. ತಳ ಕಾಣಬೇಕಿತ್ತು. ನೀರು ಕಂಠದವರೆಗಿತ್ತು, ಮೇಲೆ ಒಂದು ಸತ್ತ ಸೊಳ್ಳೆ ತೇಲುತ್ತಿತ್ತು. ಪ್ಲಗ್ಗಿನ ದೀಪ ಆರಿತ್ತು. ನಾವು ಹೊರಟ ಮೇಲೆ ಯಾವಾಗಲೋ ಕರೆಂಟು ಹೋಗಿರಬೇಕು. ಕರೆಂಟು ಹೋಗಿ ಬಂದರೆ ಈ ಪ್ಲಗ್ ಆಫ್ ಆಗಿಯೇ ಉಳಿಯುತ್ತದೆ, ಆ ಸೆಟ್ಟಿಂಗನ್ನು ಫೋನಿನಲ್ಲಿ ಬದಲಾಯಿಸಿಕೊಳ್ಳಬೇಕು ಎಂದು ಅದರ ಕಿರುಪುಸ್ತಕದ ಕೊನೆಯ ಪುಟದಲ್ಲಿ ಇರುವೆಯಂಥ ಅಕ್ಷರಗಳಲ್ಲಿ ಬರೆದಿದ್ದರು. ಊರಿನವರ ಕಣ್ಣಿಗೆಲ್ಲ ಗಾಜು ಕೂರಿಸುವ ನಾನು ಅದನ್ನು ಹುಡುಕಿ ಓದಿದ್ದು ಈಗ.

ಹಾಗಾದರೆ ಮಣ್ಣು ಒದ್ದೆಯಾದದ್ದು ಹೇಗೆ? ಹಸಿರು ಗುರುತಿನ ಹಿಂದೆ ಗಂಟೆ ಗಂಟೆಯ ಲೆಕ್ಕವಿತ್ತು. ಅದನ್ನು ಮೊದಲ ಸಲ ತೆರೆದೆ. ತೇವ ಏರಿದ್ದು ಬೆಳಿಗ್ಗೆ ಆರಕ್ಕಲ್ಲ, ದಿನಾ ಸಂಜೆ ಐದೂವರೆಗೆ.

ಬಾಗಿಲ ಬೆಲ್ ಆಯಿತು. ಕೊರಳಲ್ಲಿ ಅಳತೆಯ ಟೇಪು ಇಳಿಬಿಟ್ಟುಕೊಂಡ ಟೈಲರ್ ಅಕ್ಕ.

"ಬಂದ್ರಾ? ತಗೊಳ್ಳಿ ನಿಮ್ಮ ಬೀಗದ ಕೈ. ದಿನಾ ಸಂಜೆ ನೀರು ಹಾಕಿದೀನಿ. ನಿಮ್ಮ ಪೈಪು ಮಾತ್ರ ಮುಟ್ಟಿಲ್ಲಪ್ಪ, ಮುಟ್ಟಬೇಡಿ ಅಂತ ನಿಮ್ಮನೆಯವರು ಹತ್ತು ಸಲ ಹೇಳಿದ್ರು."

ಅವರು ಇಳಿದು ಹೋದರು. ಹೆಂಡತಿ ಬ್ಯಾಗಿನಿಂದ ಬಟ್ಟೆ ತೆಗೆಯುವುದನ್ನು ನಿಲ್ಲಿಸಿದ್ದಳು.

"ಯಾವಾಗ ಕೊಟ್ಟೆ?"

"ಹೊರಡೋವಾಗ. ನೀವು ಪೈಪಿಗೆ ಟೇಪು ಸುತ್ತುತಾ ಇದ್ರಿ."

"ನಂಬ್ತೀನಿ ಅಂದಿದ್ದೆ."

"ಆಯ್ತು ಅಂದಿದ್ದೆ."

"ಒಂಬತ್ತು ದಿನ, ಎಲ್ಲರೆದುರಿಗೆ, ಒಳ್ಳೇದಾಯ್ತು ಒಳ್ಳೇದಾಯ್ತು ಅಂದ್ಯಲ್ಲ!"

"ಇನ್ನೇನನ್ನಲಿ? ಅಷ್ಟು ಖುಷಿಯಾಗಿದ್ರಿ." ಅವಳು ಗುಲಾಬಿಯ ಕಡೆ ಕೈ ತೋರಿಸಿದಳು. "ಇದು ಒಣಗಿದ್ರೆ ಚೆನ್ನಾಗಿರ್ತಿತ್ತಾ, ಹೇಳಿ?"

"ಇಲ್ಲ" ಎಂದೆ. ಸುಳ್ಳು. ಒಂದು ಕ್ಷಣ ನನಗೆ ಅಲ್ಲಿ ಒಣಗಿದ ಕಡ್ಡಿ ಬೇಕಿತ್ತು. ಕೊನೇ ಪಕ್ಷ ಆ ಸೋಲಾದರೂ ಪೂರ್ತಿ ನನ್ನದಾಗಿರುತ್ತಿತ್ತು.

ಆಗಲೇ ಕೂತು ಪ್ಲಗ್ಗನ್ನು ಸರಿಪಡಿಸಿದೆ. ಅವಳೆದುರಿಗೇ ಮೇನ್ ಸ್ವಿಚ್ ಆಫ್ ಮಾಡಿ ಆನ್ ಮಾಡಿದೆ, ಮೂರು ಸಲ. ಮೂರು ಸಲವೂ ಪ್ಲಗ್ಗಿನ ದೀಪ ಹೊತ್ತಿಕೊಂಡಿತು.

"ಈಗ ಸರಿಹೋಯ್ತಲ್ಲ," ಎಂದಳು. "ಇನ್ಮೇಲೆ ನನಗೆ ನೀರು ಹಾಕೋ ಕೆಲಸ ಇಲ್ಲ."

ಮರುದಿನ ಅಂಗಡಿಯಲ್ಲಿ ಗಾಜು ಉಜ್ಜುವುದನ್ನು ನಿಲ್ಲಿಸಿ ಫೋನು ತೆರೆದೆ. ಹಸಿರು ಗುರುತಿಗೆ ನಿಲ್ಲದೆ ಗಂಟೆಗಳ ಲೆಕ್ಕಕ್ಕೆ ಹೋದೆ. ಸರಿಯಾಗಿ ಆರಕ್ಕೆ ತೇವ ಏರಿತ್ತು. ಪಂಪು ತನ್ನ ಕೆಲಸ ಮಾಡಿತ್ತು.

ಒಂಬತ್ತೂ ಹತ್ತಕ್ಕೆ, ನಾನು ಮನೆಯಿಂದ ಹೊರಬಿದ್ದ ಹತ್ತು ನಿಮಿಷಕ್ಕೆ, ಇನ್ನೊಂದು ಸಲ ಏರಿತ್ತು.