ಹನಿತ್ರಾ ಮೇಯಿಸಿದ ಹುಳು

ನಮ್ಮ ವಿಶ್ವವಿದ್ಯಾಲಯದ ಗೇಟಿನ ಪಕ್ಕದಲ್ಲಿ ಹನ್ನೆರಡು ಕಬ್ಬಿಣದ ಕಂಬಗಳಿದ್ದವು. ದೊಡ್ಡವರು ಯಾರಾದರೂ ಬರುತ್ತಾರೆಂದರೆ ಅಟೆಂಡರ್ ಗುರುಪಾದ ಬೀರುವಿನಿಂದ ಹನ್ನೆರಡು ದೇಶಗಳ ಬಾವುಟಗಳನ್ನು ತೆಗೆದು, ಇಸ್ತ್ರಿ ಮಾಡಿಸಿ, ಆ ಕಂಬಗಳಿಗೆ ಏರಿಸುತ್ತಿದ್ದ. ಬಂದವರ ಕಾರು ತಿರುಗಿ ಹೋದ ಮೇಲೆ, ಎದ್ದ ಧೂಳು ಕೂರುವ ಮೊದಲೇ ಇಳಿಸಿ ಮಡಿಚಿಡುತ್ತಿದ್ದ. ಆ ಹನ್ನೆರಡರಲ್ಲಿ ಐದು ದೇಶಗಳಿಂದ ಒಬ್ಬ ವಿದ್ಯಾರ್ಥಿಯೂ ಎಂದೂ ಬಂದಿರಲಿಲ್ಲ. ಒಂದು ಬಾವುಟವಂತೂ ಯಾವ ದೇಶದ್ದೆಂದು ಅದನ್ನು ಕೊಂಡು ತಂದವರಿಗೇ ಗೊತ್ತಿರಲಿಲ್ಲ. "ಬಣ್ಣ ಚೆನ್ನಾಗೈತೆ ಅಂತ ತಂದವ್ರೆ ಬಿಡಿ" ಎನ್ನುತ್ತಿದ್ದ ಗುರುಪಾದ.

ನಾನು ಆಗ ರೇಷ್ಮೆ ವಿಭಾಗದ ಹುಳುಮನೆಯಲ್ಲಿ ದಿನಗೂಲಿಯ ಹೆಂಗಸು. ಸೊಪ್ಪು ಕೊಯ್ಯುವುದು, ಹುಳಕ್ಕೆ ಹಾಕುವುದು, ಕಸ ತೆಗೆಯುವುದು, ತಟ್ಟೆ ತೊಳೆಯುವುದು. ಹತ್ತೊಂಬತ್ತು ವರ್ಷ ಮಾಡಿದೆ. ನನ್ನ ಕೈಮೇಲೆ ಓಡಾಡಿದ ಹುಳುಗಳ ಮೇಲೆ ಎಷ್ಟೋ ಜನ ಪುಸ್ತಕ ಬರೆದು ಡಾಕ್ಟರಾದರು. ಅದರಲ್ಲಿ ಒಬ್ಬರು ಶ್ರೀಪತಯ್ಯನವರು. ಡಾಕ್ಟರಾದ ಮೇಲೆ ಅವರು ಹುಳ ಮುಟ್ಟಿದ್ದನ್ನು ಕಂಡವರಿಲ್ಲ. ವಿದೇಶಿ ವಿದ್ಯಾರ್ಥಿಗಳ ವಿಭಾಗವೆಂಬುದೊಂದು ಹುಟ್ಟಿದಾಗ ಅದರ ನಿರ್ದೇಶಕರಾದರು. ಅಲ್ಲಿಂದ ಅವರ ಬಟ್ಟೆಗೆ ಅತ್ತರಿನ ವಾಸನೆ ಬಂತು, ಮಾತಿಗೆ ಮೈಕಿನ ಗತ್ತು ಬಂತು.

ಅವರೊಂದು ಕೈಪಿಡಿ ಅಚ್ಚು ಹಾಕಿಸಿದ್ದರು. ಬೇರೆ ದೇಶದಿಂದ ಆರು ತಿಂಗಳಿಗೆಂದು ಬರುವ ಮಕ್ಕಳಿಗೆ ಇಲ್ಲಿ ಏನೇನು ಸಿಗುತ್ತದೆಂದು ಅದರಲ್ಲಿ ಬರೆದಿತ್ತು. ಪ್ರಯೋಗಾಲಯ, ರೈತರ ಜೊತೆ ಕೆಲಸ, ಪ್ರತಿ ವಿದ್ಯಾರ್ಥಿಗೂ ಒಬ್ಬ ಗುರು. ಬಂದ ಮಕ್ಕಳಿಗೆ ಸಿಗುತ್ತಿದ್ದುದು ಸೀರೆ ಮತ್ತು ಪೇಟ. ಯಾವ ಸಮಾರಂಭವಿರಲಿ, ಕಳಸ ಹಿಡಿಯುವುದಕ್ಕೆ ಅವರು, ದೀಪ ಹಚ್ಚುವುದಕ್ಕೆ ಅವರು, ಹೂವು ಎರಚುವುದಕ್ಕೆ ಅವರು, ಫೋಟೋದಲ್ಲಿ ಮುಂದಿನ ಸಾಲಿನಲ್ಲಿ ನಗುವುದಕ್ಕೆ ಅವರು. ಮನೆಗೆ ಬಂದ ನೆಂಟರನ್ನು ಉಣ್ಣಲಿಕ್ಕೆ ಕೂರಿಸದೆ ಬಾಗಿಲಿಗೆ ತೋರಣ ಕಟ್ಟಿದ ಹಾಗೆ ಕಟ್ಟಿ ನಿಲ್ಲಿಸುವವರನ್ನು ನಾನು ಬೇರೆಲ್ಲೂ ನೋಡಿಲ್ಲ.

ಆ ವರ್ಷ ಬಂದವಳು ಹನಿತ್ರಾ. ಮಡಗಾಸ್ಕರ್ ಎಂಬ ದ್ವೀಪದವಳು. ಇಪ್ಪತ್ತೆರಡು ವರ್ಷದ, ಗಟ್ಟಿ ಮುಂಗೈಯ ಹುಡುಗಿ. ಹಾಸ್ಟೆಲಿನ ಅಡಿಗೆಯವರ ಜೊತೆ ಕೂತು ಕೂತು ಕನ್ನಡ ಕಲಿತಿದ್ದಳು. ಒಂದು ಬೆಳಿಗ್ಗೆ ಹುಳುಮನೆಯ ಬಾಗಿಲಲ್ಲಿ ನಿಂತು, ಒಳಗೆ ಬರದೆ, ಹೊರಗಿನ ತೊಟ್ಟಿಯಲ್ಲಿ ಕೈಕಾಲು ತೊಳೆದುಕೊಂಡಳು. ಹುಳ ಮೇಯಿಸುವ ಮನೆಗೆ ಹೊರಗಿನ ಕೊಳೆ, ಹೊರಗಿನ ವಾಸನೆ ಒಯ್ಯಬಾರದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಆ ಒಂದು ಕೆಲಸ ನೋಡಿಯೇ ನಾನು ಅವಳಿಗೆ ಸೋತೆ.

"ಅಕ್ಕ, ನಾನು ಬಂದು ನಾಲ್ಕೂವರೆ ತಿಂಗಳು ಆಯ್ತು. ಹತ್ತೊಂಬತ್ತು ದೀಪ ಹಚ್ಚಿದೆ. ಒಂದು ಹುಳ ಮುಟ್ಟಿಲ್ಲ" ಎಂದಳು.

ಅವಳ ಕಷ್ಟ ಇಷ್ಟು. ಮೊಟ್ಟೆಯಿಂದ ಚಂದ್ರಿಕೆಯವರೆಗೆ, ಅಂದರೆ ಹುಳ ಮರಿಯಾದಲ್ಲಿಂದ ಗೂಡು ಕಟ್ಟುವ ಬಿದಿರಿನ ಜಾಲರಿಗೆ ಏರುವವರೆಗೆ, ಒಂದು ಬೆಳೆಯನ್ನು ತನ್ನ ಕೈಯಾರೆ ಮೇಯಿಸಿದ್ದಾಳೆಂದು ಶ್ರೀಪತಯ್ಯನವರ ಸಹಿ ಮತ್ತು ಮೊಹರು ಬೇಕಿತ್ತು. ಆ ಕಾಗದವಿದ್ದರೆ ಅವಳ ಊರಿನ ರೇಷ್ಮೆ ಸಂಘದಲ್ಲಿ ಕೆಲಸ ಕಾದಿತ್ತು. ಇಲ್ಲವಾದರೆ ಅಲ್ಲಿನ ಕಾಲೇಜು ಆ ವರ್ಷವನ್ನೇ ಲೆಕ್ಕಕ್ಕೆ ಹಿಡಿಯುವುದಿಲ್ಲ, ಕೆಲಸ ಇನ್ನೊಬ್ಬರ ಪಾಲು. ಉಳಿದದ್ದು ನಲವತ್ತು ದಿನ. ಹುಳ ಹಣ್ಣಾಗಿ ಚಂದ್ರಿಕೆಗೆ ಏರಲು ಇಪ್ಪತ್ತಾರು, ಇಪ್ಪತ್ತೇಳು ದಿನ ಬೇಕು. ಒಂದು ಬೆಳೆ ಆಗುತ್ತದೆ. ಅದು ಕೆಟ್ಟರೆ ಇನ್ನೊಂದಕ್ಕೆ ಕಾಲವಿಲ್ಲ.

"ನಿಮ್ ನಿರ್ದೇಶಕರು ಏನಂದ್ರು?"

"ನೋಡೋಣ ಅಂದ್ರು. ಆಮೇಲೆ ಬಿಳಿ ಸೀರೆ ಬೇಡ, ಹಸಿರು ಉಟ್ಕೊಂಡು ಬಾ ಅಂದ್ರು."

ಹತ್ತು ಚಿಟ್ಟೆ ಇಟ್ಟಷ್ಟು ಮೊಟ್ಟೆಯನ್ನು ಅವಳ ಹೆಸರಿಗೆ ಕೊಡಿಸಿದೆ. ಅದಕ್ಕೆ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಕೇಳಿದರೆ ಸಭೆ ಕರೆಯುತ್ತಿದ್ದರು, ಸಭೆಗೆ ದೀಪ ಹಚ್ಚಲು ಅವಳನ್ನೇ ಕರೆಯುತ್ತಿದ್ದರು.

ಅವಳಿಗೆ ಹೇಳಿಕೊಡುವುದು ಹೆಚ್ಚೇನಿರಲಿಲ್ಲ. ಸೊಪ್ಪನ್ನು ಕೆನ್ನೆಗೆ ಒತ್ತಿಕೊಂಡು ತಂಪು ನೋಡುತ್ತಿದ್ದಳು. ಹುಳ ಪೊರೆ ಕಳಚುವ ಹೊತ್ತಿಗೆ ಮೇವು ಬಿಟ್ಟು ತಲೆ ಎತ್ತಿ ಕೂರುವುದನ್ನು ನಾವು ಜ್ವರ ಎನ್ನುತ್ತೇವೆ. ಮೊದಲ ಜ್ವರಕ್ಕೆ ಹುಳದ ಮೇಲೆ ಬಗ್ಗಿ, "ಅಕ್ಕ, ಇವಕ್ಕೆ ಗಂಜಿ ಕೊಡೋದಾ?" ಎಂದು ಕೇಳಿದಳು. ನಾನು ನಿಜವೆಂದುಕೊಂಡು ವಿವರಿಸಲು ಹೊರಟರೆ ಹಲ್ಲು ಬಿಟ್ಟಳು. ಎರಡನೇ ಜ್ವರದ ದಿನ ಯಾರದೋ ಸನ್ಮಾನವಿತ್ತು. ಗೇಟಿನ ಬಾವುಟಗಳು ಏರಿದವು. ಹೂಬುಟ್ಟಿ ಹಿಡಿದು ನಿಂತವಳು ಭಾಷಣದ ನಡುವೆ ಜಾರಿಕೊಂಡು, ಜರಿಸೀರೆಯನ್ನು ಮೊಣಕಾಲಿಗೆ ಎತ್ತಿಕಟ್ಟಿ, ಸೊಪ್ಪಿನ ಹೊತ್ತಿಗೆ ಸರಿಯಾಗಿ ಓಡಿ ಬಂದಳು. ಮುಡಿದ ಮಲ್ಲಿಗೆಯನ್ನು ಬಾಗಿಲಾಚೆ ಕಿತ್ತೆಸೆದು ಕಾಲು ತೊಳೆದಳು.

ನಾಲ್ಕನೇ ಜ್ವರ ಕಳೆದು ಹುಳ ಹೊಟ್ಟೆಬಾಕರಂತೆ ತಿನ್ನುವ ದಿನಗಳು ಬಂದವು. ಆಗಲೇ ಸುದ್ದಿ ಬಂತು. ವಿಶ್ವವಿದ್ಯಾಲಯಗಳಿಗೆ ದರ್ಜೆ ಕೊಡುವ ಸಮಿತಿ ಬರುತ್ತಿದೆ, ಅದರ ಮುಖ್ಯಸ್ಥೆ ಬಹಳ ಕಟ್ಟುನಿಟ್ಟಿನ ಹೆಂಗಸು. ಎಲ್ಲರಿಗೂ ಮೈಮೇಲೆ ದೇವರು ಬಂದಂತಾಯಿತು. ಬೀಳುತ್ತಿದ್ದ ಗೋಡೆಗೆ ಬಣ್ಣ ಬಂತು, ನೀರಿಲ್ಲದ ಕಾರಂಜಿಗೆ ಟ್ಯಾಂಕರಿನ ನೀರು ಬಂತು. ಹೊರಗೆ ಥಳಕು ಒಳಗೆ ಹುಳುಕು ಎಂಬ ಗಾದೆ ನಮ್ಮಲ್ಲಿದೆ. ಈ ಪುಣ್ಯಾತ್ಮರು ಥಳಕಿಗಾಗಿ ಒಳಗಿದ್ದ ಹುಳವನ್ನೂ ಕೊಲ್ಲಲು ಹೊರಟರು.

ಸಮಿತಿ ಬರಲು ಮೂರು ದಿನವಿದ್ದಾಗ ಶ್ರೀಪತಯ್ಯನವರು ನಮ್ಮ ಹಿಪ್ಪುನೇರಳೆ ತೋಟದ ದಾರಿಯಲ್ಲಿ ಬಂದರು. ಎಲೆಗಳಲ್ಲಿ ಅಲ್ಲೊಂದು ಇಲ್ಲೊಂದು ತೂತು ಕಂಡು ಮುಖ ಸಿಂಡರಿಸಿದರು.

"ಏನಮ್ಮಾ ಇದು, ಸೊಪ್ಪೆಲ್ಲಾ ಕೀಟ ತಿಂದಿದೆ. ಸಮಿತಿಯವರು ಇದೇ ದಾರೀಲಿ ಬರ್ತಾರೆ. ಔಷಧಿ ಹೊಡೆಸ್ತೀನಿ."

"ಬೇಡಿ ಸಾರ್. ಈ ಸೊಪ್ಪು ತಿನ್ನೋದೂ ಕೀಟಾನೇ. ಹನಿತ್ರಾ ಹುಳ ಇದೆ ಒಳಗೆ."

"ಹುಳದ ವಿಷಯ ನೀನು ನನಗೆ ಹೇಳ್ಕೊಡ್ತೀಯಾ?"

"ಇಲ್ಲ ಸಾರ್. ಜ್ಞಾಪಿಸಿದೆ ಅಷ್ಟೆ."

"ರಸ್ತೆ ಪಕ್ಕದ ಎರಡು ಸಾಲಿಗೆ ಮಾತ್ರ ಹೊಡೀತಾರೆ, ಹೋಗು."

ಮಾರನೆಯ ಬೆಳಿಗ್ಗೆ ಮೊದಲ ಬುಟ್ಟಿ ಸೊಪ್ಪು ಕೊಯ್ದು ಮೂಗಿಗೆ ಹಿಡಿದೆ. ಎರಡು ಸಾಲಲ್ಲ, ತೋಟಕ್ಕೆ ತೋಟವೇ ಔಷಧಿ ಕುಡಿದು ಪಳಪಳ ಹೊಳೆಯುತ್ತಿತ್ತು. ಬುಟ್ಟಿಯನ್ನು ಗುಂಡಿಗೆ ಸುರಿದು ಬಂದೆ. ಒಳಗೆ ಹತ್ತು ತಟ್ಟೆಯ ಹುಳ ಬರಿಯ ದಂಟಿನ ಮೇಲೆ ತಲೆಯಾಡಿಸುತ್ತಿದ್ದವು. ಹನಿತ್ರಾ ನನ್ನ ಖಾಲಿ ಕೈ ನೋಡಿದಳು. ಅಳಲಿಲ್ಲ. "ಸೊಪ್ಪು ಎಲ್ಲಿದೆ ಅಕ್ಕ? ಅಲ್ಲಿಗೆ ಹೋಗೋಣ" ಎಂದಳು.

ಒಂದೂವರೆ ಮೈಲಿಯಾಚೆ ಹೊನ್ನಾಜಮ್ಮನ ತೋಟವಿತ್ತು. ಅವಳು ಹಿಂದಿನ ವಾರವಷ್ಟೇ ಗೂಡು ಮಾರಿ ಹುಳುಮನೆ ತೊಳೆದಿದ್ದಳು. ತೋಟದಲ್ಲಿ ಸೊಪ್ಪು ಮಿಕ್ಕಿತ್ತು. ಆದರೆ ಮೇಯಿಸುವವರು ಇನ್ನೊಬ್ಬರ ಹುಳವನ್ನು ತಮ್ಮ ಹೊಸ್ತಿಲ ಒಳಗೆ ಬಿಡುವುದಿಲ್ಲ. ರೋಗ ಬಂದರೆ ಮುಂದಿನ ಬೆಳೆಯೂ ಹೋಯಿತು. ನಾವು ಗುರುಪಾದನ ನೆರವಿನಿಂದ ಸೊಪ್ಪಿನ ಗಾಡಿಯಲ್ಲಿ ತಟ್ಟೆ ಪೇರಿಸಿಕೊಂಡು, ಒದ್ದೆ ಬಟ್ಟೆ ಹೊದಿಸಿಕೊಂಡು ಹೋದಾಗ ಅವಳು ಅಡ್ಡ ನಿಂತಳು.

"ಸೊಪ್ಪು ಬೇಕಾದ್ರೆ ಕೊಯ್ಕೊಂಡು ಹೋಗ್ರವ್ವ. ಹುಳ ಮಾತ್ರ ಒಳಕ್ ಬ್ಯಾಡ."

"ಅಷ್ಟು ದೂರ ಐದೈದು ಹೊತ್ತು ಸೊಪ್ಪು ಹೊತ್ತರೆ ಬಾಡಿಹೋಗ್ತದೆ ಹೊನ್ನಾಜಮ್ಮ, ನಿಂಗೆ ಗೊತ್ತಿಲ್ವಾ."

ಹೊನ್ನಾಜಮ್ಮ ಒಂದು ಹುಳವನ್ನು ಅಂಗೈ ಮೇಲಿಟ್ಟುಕೊಂಡು ತಿರುಗಿಸಿ ನೋಡಿದಳು. ಇನ್ನೊಂದು ತಟ್ಟೆಯಿಂದ ಮತ್ತೊಂದು. ಕೊನೆಗೆ ಹನಿತ್ರಾಳ ಉಗುರು ನೋಡಿದಳು. ಬುಡಮಟ್ಟ ಕತ್ತರಿಸಿದ ಉಗುರು.

"ಯಾರ್ ಮೇಯ್ಸಿದ್ದು?"

"ನಾನೇ ಅಮ್ಮ."

"ರೋಗ ಇಲ್ಲ. ನಮ್ಮ ಸೊಸೇಗಿಂತ ವಾಸಿ ಮೇಯ್ಸಿದೀಯ. ಬಾ ಒಳಕ್ಕೆ, ಕಾಲ್ ತೊಳ್ಕೊ."

ಸಮಿತಿಯ ಹಿಂದಿನ ದಿನ ಶ್ರೀಪತಯ್ಯನವರು ನಮ್ಮ ಹುಳುಮನೆಗೆ ಬಂದು ಖಾಲಿ ಅಟ್ಟಣಿಗೆಗಳನ್ನು ನೋಡಿದರು. ಹುಳ ಎಲ್ಲಿ ಎಂದು ಕೇಳಬೇಕಾದ ಮನುಷ್ಯ "ಗುಡ್, ಚೆನ್ನಾಗಿ ಕ್ಲೀನ್ ಮಾಡಿದೀರ" ಎಂದು ಹೊರಟರು. ಹುಳದ ಮೇಲೆ ಮುನ್ನೂರು ಪುಟ ಬರೆದವರ ಬಾಯಲ್ಲಿ ಬಂದ ಮಾತು ಅದು. ಗೋಧೂಳಿಯ ಹೊತ್ತಿಗೆ ಹೊನ್ನಾಜಮ್ಮನಲ್ಲಿ ಹುಳದ ಮೈ ಹಳದಿಗೆ ತಿರುಗಲು ಶುರುವಾಗಿತ್ತು. ಬೆಳಗಾದರೆ ಹಣ್ಣಾಗುತ್ತದೆ. ಹಣ್ಣಾದ ಹುಳ ಯಾರಿಗೂ ಕಾಯುವುದಿಲ್ಲ. ಆಯ್ದು ಚಂದ್ರಿಕೆಗೆ ಬಿಡದಿದ್ದರೆ ಕಸದಲ್ಲೇ ನೂಲು ಸುತ್ತಿ ಹಾಳಾಗುತ್ತದೆ.

ಹನಿತ್ರಾ ಹೋಗಿ ನಿರ್ದೇಶಕರಿಗೆ ಹೇಳಿದಳು. ನಾನೂ ಜೊತೆಗಿದ್ದೆ.

"ನಾಳೆ ಕಳಸ ಹಿಡಿಯಕ್ಕೆ ಆಗಲ್ಲ ಸರ್. ನನ್ನ ಹುಳ ಹಣ್ಣಾಗ್ತಿದೆ."

"ನೋಡಮ್ಮ, ಹೊಸ ಕೈಪಿಡಿ ಮುಖಪುಟದಲ್ಲಿ ಇರೋಳು ನೀನು. ನೀನೇ ಇಲ್ದಿದ್ರೆ ಹೇಗೆ? ನಾಳೆ ಗೇಟಲ್ಲಿ ನಿಂತ್ಕೊ, ನಾಡಿದ್ದು ಸಹಿ ಹಾಕ್ತೀನಿ. ನಿಲ್ಲಲ್ಲ ಅಂದ್ರೆ ಸಹಿ ನನ್ನ ಹತ್ರಾನೇ ಇರುತ್ತೆ."

"ಹುಳ ಹೋದ್ಮೇಲೆ ಸಹಿ ಯಾತಕ್ಕೆ ಸರ್? ಸುಳ್ಳಾಗುತ್ತೆ."

ಅವರು ನಕ್ಕರು. ಸುಳ್ಳಿಗೆ ಸಹಿ ಹಾಕುವುದು ಕಷ್ಟವೆಂದು ನಂಬಿದ ಮನುಷ್ಯನನ್ನು ಅವರು ಬಹಳ ದಿನದಿಂದ ನೋಡಿರಲಿಲ್ಲವೆಂದು ಕಾಣುತ್ತದೆ.

ಬೆಳಿಗ್ಗೆ ಅವಳು ಸೀರೆಯನ್ನು ಹಾಸ್ಟೆಲಿನಲ್ಲೇ ಬಿಟ್ಟು, ಹಳೆಯ ಅಂಗಿ ತೊಟ್ಟು ಹೊನ್ನಾಜಮ್ಮನ ಮನೆಗೆ ಬಂದಳು. ಸಹಿ ಹಾಕಬೇಕಾದ ಕಾಗದವನ್ನು ಮಾತ್ರ ಚೀಲದಲ್ಲಿ ತಂದಿದ್ದಳು. ಹುಳ ಚಂದ್ರಿಕೆಗೆ ಏರಿದ ತಾರೀಖನ್ನು ಅದರಲ್ಲಿ ತುಂಬಬೇಕಿತ್ತು. ಮೂವರೂ ಹುಳ ಆಯತೊಡಗಿದೆವು.

ಅತ್ತ ನಡೆದದ್ದನ್ನು ಗುರುಪಾದ ಆಮೇಲೆ ಹೇಳಿದ. ಹನ್ನೆರಡು ಬಾವುಟದ ಕೆಳಗೆ ಯಾರೋ ಗುಮಾಸ್ತರ ಮಗಳು ಕಳಸ ಹಿಡಿದಿದ್ದಳಂತೆ. ಮುಖ್ಯಸ್ಥೆ ಕೈಪಿಡಿಯ ಮುಖಪುಟ ನೋಡಿ, "ಈ ಹುಡುಗಿ ಎಲ್ಲಿ?" ಎಂದರಂತೆ. ಹುಳುಮನೆಗೆ ಕರೆದೊಯ್ದರೆ, "ಹುಳ ಎಲ್ಲಿ?" ಎಂದರಂತೆ. ಗುರುಪಾದ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟ. "ಆ ಹುಡ್ಗಿ ಹುಳ ಇವತ್ತು ಹಣ್ಣಾಗೈತೆ ತಾಯಿ. ಹೊನ್ನಾಜಮ್ಮನ ತೋಟಕ್ಕೆ ಹೋಗವ್ಳೆ." ಆಕೆ ಊಟಕ್ಕೂ ಕೂರದೆ ಕಾರು ಹತ್ತಿದರು.

ಮಧ್ಯಾಹ್ನ ಹೊನ್ನಾಜಮ್ಮನ ಹುಳುಮನೆಯ ಮುಂದೆ ಎರಡು ಕಾರು ನಿಂತವು. ಮುಖ್ಯಸ್ಥೆ ಹೇಳಿಸಿಕೊಳ್ಳದೆ ಕಾಲು ತೊಳೆದು ಒಳಗೆ ಬಂದು, ಹನಿತ್ರಾಳ ಪಕ್ಕ ಕುಕ್ಕರುಗಾಲಲ್ಲಿ ಕೂತರು. ಹಿಂದೆಯೇ ಬಂದ ಶ್ರೀಪತಯ್ಯನವರನ್ನು ಹೊನ್ನಾಜಮ್ಮ ಹೊಸ್ತಿಲಲ್ಲೇ ತಡೆದಳು.

"ಯಾರಪ್ಪ ನೀನು, ಇಷ್ಟೊಂದು ಘಮಘಮ ಅಂತೀಯ? ಅಲ್ಲೇ ನಿಂತ್ಕೊ. ಆ ವಾಸ್ನೆ ನಮ್ ಹುಳಕ್ಕೆ ಆಗಾಕಿಲ್ಲ."

ಅವರು ಹೊಸ್ತಿಲಾಚೆ ನಿಂತರು. ಆದರೆ ನಾಲಿಗೆಗೆ ಹೊಸ್ತಿಲಿರಲಿಲ್ಲ. ಒಂದು ಸಲ ಒಳಗೆಲ್ಲ ಕಣ್ಣಾಡಿಸಿ, ಗಾಳಿ ಎತ್ತ ಬೀಸುತ್ತಿದೆಯೆಂದು ತಿಳಿದು, ಶುರುಮಾಡಿದರು. "ಮೇಡಂ, ಇದು ನಾನೇ ರೂಪಿಸಿದ ಯೋಜನೆ. ವಿದೇಶಿ ವಿದ್ಯಾರ್ಥಿಗಳನ್ನ ನಾಲ್ಕು ಗೋಡೆ ನಡುವೆ ಇಡಬಾರದು, ರೈತರ ಮನೇಲೇ ಕಲೀಬೇಕು ಅಂತ. ಈ ಮಗೂನ ನಾನೇ ಇಲ್ಲಿಗೆ ಕಳಿಸಿದ್ದು."

ಹೊನ್ನಾಜಮ್ಮ ಬಾಯಿ ತೆರೆದಳು. ನಾನು ಅವಳ ತೊಡೆ ಚಿವುಟಿದೆ. ಬದುಕಿನಲ್ಲಿ ನಾನು ಕಲಿತದ್ದು ಒಂದೇ. ಸುಳ್ಳುಗಾರ ತಾನಾಗಿ ಹೊರೆ ಎತ್ತಿಕೊಂಡಾಗ ಅದನ್ನು ಇಳಿಸಬಾರದು, ಮನೆಯವರೆಗೂ ಹೊರಿಸಬೇಕು.

"ಹೌದು ತಾಯಿ" ಎಂದೆ. "ಸಾರ್ ಮೊದಲಿಂದ ಹಂಗೇ ಹೇಳ್ತಿದ್ರು. ಹುಳ ಚಂದ್ರಿಕೆಗೆ ಏರಿದ ದಿನಾನೇ, ಸಮಿತಿಯವರ ಮುಂದೇನೇ, ಈ ಹುಡುಗಿ ಕಾಗದಕ್ಕೆ ಸಹಿ ಹಾಕ್ತೀನಿ ಅಂತ ಮಾತು ಕೊಟ್ಟವ್ರೆ. ಕಾಗದ ಇಲ್ಲೇ ಐತೆ."

ಶ್ರೀಪತಯ್ಯನವರು ನನ್ನನ್ನು ನೋಡಿದ ನೋಟದಲ್ಲೇ ನನ್ನ ದಿನಗೂಲಿ ಮುಗಿಯಿತೆಂದು ತಿಳಿಯಿತು. ಮುಂದಿನ ತಿಂಗಳು ಹಾಗೆಯೇ ಆಯಿತು, ಹೊನ್ನಾಜಮ್ಮನಲ್ಲೇ ಕೆಲಸಕ್ಕೆ ಸೇರಿದೆ. ಮರುವರ್ಷದ ಕೈಪಿಡಿಯಲ್ಲಿ ಆ ಯೋಜನೆಗೆ ಒಂದು ಇಡೀ ಪುಟ ಮೀಸಲಾಯಿತು, ಫೋಟೋ ನಿರ್ದೇಶಕರದು. ಆ ಕ್ಷಣದಲ್ಲಿ ಮಾತ್ರ ಅವರಿಗೆ ಬೇರೆ ದಾರಿ ಇರಲಿಲ್ಲ.

"ಒಳ್ಳೇದಾಯ್ತು. ಹಾಕಿ" ಎಂದರು ಮುಖ್ಯಸ್ಥೆ, ಹುಳ ಆಯುತ್ತಲೇ, ತಲೆ ಎತ್ತದೆ.

ನಾನು ಕಾಗದವನ್ನು ಹೊಸ್ತಿಲ ಮೇಲಿಂದ ಚಾಚಿದೆ. ಸಮಿತಿಯ ದಿನವಾದ್ದರಿಂದ ಮೊಹರಿನ ಡಬ್ಬಿ, ದಾರಿ ತೋರಿಸಲು ಕಾರಿನಲ್ಲಿ ಬಂದಿದ್ದ ಗುರುಪಾದನ ಜೇಬಿನಲ್ಲೇ ಇತ್ತು. ನಿರ್ದೇಶಕರು ಅವನ ಬೆನ್ನಿನ ಮೇಲೆ ಕಾಗದವಿಟ್ಟು ಸಹಿ ಹಾಕಿದರು. ಅವನು ಬಗ್ಗಿಕೊಂಡೇ ನನ್ನ ಕಡೆ ನೋಡಿ ಒಂದು ಕಣ್ಣು ಮುಚ್ಚಿ ತೆರೆದ.

"ಹನಿತ್ರಾ, ಬಂತು ಕಣೆ" ಎಂದು ಅವಳೆದುರು ಕಾಗದ ಹಿಡಿದೆ.

ಅವಳ ಎರಡು ಅಂಗೈ ತುಂಬ ಹಣ್ಣಾದ ಹುಳುಗಳಿದ್ದವು. ಕಾಗದವನ್ನು ಒಮ್ಮೆ ಕಣ್ಣಲ್ಲೇ ಓದಿ, "ಅಲ್ಲಿಡು ಅಕ್ಕ, ನನ್ನ ಕೈ ಖಾಲಿ ಇಲ್ಲ" ಎಂದಳು. ಮಂಡಿಯೂರಿ, ಒಂದೊಂದನ್ನೇ ಚಂದ್ರಿಕೆಯ ಸಂದಿಗೆ ಬಿಟ್ಟಳು. ಕೊನೆಯದೊಂದು ಅವಳ ಹೆಬ್ಬೆರಳು ಬಿಟ್ಟು ಇಳಿಯಲಿಲ್ಲ. ತಲೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗಿ, ಉಗುರಿನ ತುದಿಯಿಂದ ಬಿದಿರಿನ ಕಡ್ಡಿಗೆ ಮೊದಲ ಎಳೆ ಎಳೆಯಿತು. ಅದು ಹರಿಯಬಾರದೆಂದು ಅವಳು ಕೈ ಅಲುಗಿಸದೆ, ಉಸಿರು ಹಿಡಿದು ಕೂತಿದ್ದಳು.