ಬಿಟ್ಟು ಹೋಗುವ ಸ್ವಾತಂತ್ರ್ಯ

ನಾಸಿಕದ ಮನ್ಮಥಪ್ಪನವರ ಮನೆಯ ಮಹಡಿಯ ಮೇಲೆ ತಿಂಗಳಿಗೆರಡು ಭಾನುವಾರ ಕನ್ನಡದವರು ಕೂಡಿ ಪುಸ್ತಕ ಓದುತ್ತಿದ್ದರು. ಓದು ಅರ್ಧ ತಾಸು, ಜಗಳ ಎರಡು ತಾಸು. ಆ ಜಗಳದಲ್ಲಿ ಮಲ್ಲಿನಾಥನನ್ನು ಸೋಲಿಸಿದವರಿರಲಿಲ್ಲ. ಭಾಲ್ಕಿಯ ಕಡೆಯವನು, ಹತ್ತಿರದ ಸಿನ್ನರಿನ ಕಾರ್ಖಾನೆಯೊಂದರಲ್ಲಿ ಕಾಮಗಾರರ ಭರ್ತಿ, ಹಾಜರಿ ನೋಡಿಕೊಳ್ಳುವ ಅಧಿಕಾರಿ.

ಆವತ್ತಿನ ಜಗಳ ಸರಕಾರ ದೊಡ್ಡ ದೆವ್ವವೋ ಕಂಪನಿ ದೊಡ್ಡ ದೆವ್ವವೋ ಎಂದು. ಸರಕಾರದ ಕೈಯಲ್ಲಿ ಲಾಠಿಯಿದೆ, ಜೈಲಿದೆ, ಹುಟ್ಟಿದವನು ಒಪ್ಪಲಿ ಬಿಡಲಿ ಅದರ ಮುಷ್ಟಿಯಲ್ಲೇ ಹುಟ್ಟುತ್ತಾನೆ ಎಂದ ಮಲ್ಲಿನಾಥ. ಕಂಪನಿಯದೇನು? ಬೇಕಾದರೆ ಇರು, ಬೇಡವಾದರೆ ನಡೆ. ಗೇಟಿನೊಳಗೆ ಯಾರನ್ನು ಬಿಡಬೇಕೆಂಬುದು ಕಂಪನಿಯ ಸ್ವಾತಂತ್ರ್ಯ, ಹೊರಗೆ ಹೋಗುವುದು ಕಾಮಗಾರನ ಸ್ವಾತಂತ್ರ್ಯ. ನಡುವೆ ಸರಕಾರಕ್ಕೇನು ಕೆಲಸ?

ಮೂಲೆಯಲ್ಲಿದ್ದ ಮಂಜುಳಾ ಎದ್ದಳು. ಆಳಂದದ ಕಡೆಯ ಹೆಣ್ಣುಮಗಳು, ಅದೇ ಕಾರ್ಖಾನೆಯ ಪ್ಯಾಕಿಂಗಿನಲ್ಲಿ ದುಡಿಯುತ್ತಿದ್ದಳು. ಸಂಡಾಸಕ್ಕೆ ಹೋಗಬೇಕೆಂದರೆ ಸೂಪರ್‌ವೈಸರನ ಹತ್ತಿರ ಬಿಲ್ಲೆ ಬೇಡಬೇಕು, ಹನ್ನೆರಡು ತಾಸಿನ ಪಾಳಿಗೆ ಎರಡೇ ಬಿಲ್ಲೆ, ಇದಕ್ಕೆ ನಾನು ಯಾವಾಗ ಒಪ್ಪಿದ್ದೆ ಎಂದು ಕೇಳಿದಳು.

“ಹಂಗಿದ್ರ ಬಿಟ್ಟು ಹೋಗ್ರಲ್ಲ ತಂಗಿ. ನಿಮ್ಮ ಕೈ ಯಾರು ಹಿಡದಾರ?” ಎಂದ ಮಲ್ಲಿನಾಥ.

“ಆತು ಅಣ್ಣಾ. ನಾಳಿಂದ ಬರೂದಿಲ್ಲ. ಬರಕೋರಿ.”

ಮಹಡಿಯೆಲ್ಲ ನಕ್ಕಿತು. ಮಲ್ಲಿನಾಥನೂ ನಕ್ಕ. ಅಲ್ಲಿ ಕೂಡುತ್ತಿದ್ದವರು ಬಾಯಲ್ಲೇ ಸರಕಾರ ಉರುಳಿಸಿ, ಚಹಾ ಕುಡಿದು ಮನೆಗೆ ಹೋಗುವ ಜನ. ಆಡಿದ್ದನ್ನು ಮರುದಿನವೇ ಯಾರಾದರೂ ಮಾಡಿಯಾರೆಂದು ಅವನಿಗೆ ಹೊಳೆಯಲೇ ಇಲ್ಲ.

ಮಂಜುಳಾ ಮಾಡಿದಳು. ತಾಯಿ ಸಕ್ರವ್ವನನ್ನು ಕಟ್ಟಿಕೊಂಡು, ಬೇರೆ ಕಾರ್ಖಾನೆ ಹುಡುಕಿ ಸಂಭಾಜಿನಗರಕ್ಕೆ ಹೋದಳು.

ಹತ್ತು ದಿನದ ಮೇಲೆ ಕೆಲಸಕ್ಕೆ ಬಾರದವರ ಪಟ್ಟಿ ಮಲ್ಲಿನಾಥನ ಕಂಪ್ಯೂಟರಿಗೆ ಬಂತು. ಎಲ್ಲರ ಮುಂದೆಯೂ ‘ಹೇಳದೆ ಬಿಟ್ಟವರು’ ಎಂದು ಗುರುತು ಹಾಕುತ್ತ ಹೋದ. ಮಂಜುಳಾಳ ಹೆಸರಿಗೆ ಬಂದಾಗ ಬೆರಳು ಒಂದು ಗಳಿಗೆ ನಿಂತಿತು. ಹೇಳಿದ್ದಳಲ್ಲ, ಇಪ್ಪತ್ತು ಜನರ ಮುಂದೆ? ಆದರೆ ಅದಕ್ಕೆ ಬೇರೆ ಫಾರ್ಮು ತುಂಬಬೇಕು, ಡಬ್ಬಿಯೊಳಗಿನ ಊಟ ಆರುತ್ತಿತ್ತು. ಗುರುತು ಹಾಕಿ ಎದ್ದ.

ಮುಂದಿನ ತಿಂಗಳ ಓದಿನ ದಿನ ಮನ್ಮಥಪ್ಪನವರು ತಮ್ಮ ಫೋನನ್ನು ಅವನ ಮುಂದೆ ಸರಿಸಿದರು. ಮಂಜುಳಾ ಕಳಿಸಿದ ಫೋಟೋ. ಸಂಭಾಜಿನಗರದ ಕಾರ್ಖಾನೆಯ ಗೇಟಿನ ಹೆಬ್ಬೆಟ್ಟಿನ ಮಿಷನ್ನು, ಅದರಲ್ಲಿ ಅವಳ ಹೆಸರಿನ ಮೇಲೊಂದು ಕೆಂಪು ಗೀಟು, ಕೆಳಗೆ ಗುರುತು ಹಾಕಿದವನ ಹೆಸರು. ಅವನದೇ. ಜನ ಒದಗಿಸುವ ಗುತ್ತಿಗೆ ಕಂಪನಿಯೊಂದೇ ಎರಡೂ ಊರಿನ ಹತ್ತಾರು ಗೇಟು ನೋಡಿಕೊಳ್ಳುತ್ತಿತ್ತು. ಒಂದು ಕಡೆ ಬಿದ್ದ ಗುರುತು ಎಲ್ಲ ಗೇಟಿಗೂ ಮುಟ್ಟುತ್ತಿತ್ತು, ಗುರುತು ಬಿದ್ದವರನ್ನು ಯಾವ ಗೇಟೂ ಒಳಗೆ ಬಿಡುತ್ತಿರಲಿಲ್ಲ. ಇದನ್ನು ತರಬೇತಿಯಲ್ಲಿ ಹೇಳಿದ್ದರು. ಅವನು ಕೇಳಿಸಿಕೊಂಡಿದ್ದ.

ಅವತ್ತೂ ಚರ್ಚೆ ನಡೆಯಿತು. ತಪ್ಪು ನನ್ನದೆಂದು ಹೇಳದೆಯೇ ಅವನು ಚಹಾ ಕುಡಿದು ಮನೆಗೆ ಹೋದ.

ಸೋಮವಾರ ಗುರುತು ಅಳಿಸಲು ನೋಡಿದ. ಮೇಲಿನವರ ಒಪ್ಪಿಗೆ ಬೇಕೆಂದಿತು ಕಂಪ್ಯೂಟರು. ಸಾಹೇಬನ ಹತ್ತಿರ ಹೋದ. ಒಬ್ಬಳಿಗೆ ಅಳಿಸಿದರೆ ನಾಳೆ ಎಲ್ಲರೂ ಬರುತ್ತಾರೆ, ಗೇಟು ನಮ್ಮದು, ಯಾರನ್ನು ಬಿಡಬೇಕೆಂಬುದು ನಮ್ಮ ಇಷ್ಟ ಎಂದು ಸಾಹೇಬ ನಗುತ್ತಲೇ ಹೇಳಿದ. ಮಲ್ಲಿನಾಥ ತನ್ನದೇ ಮಾತನ್ನು ಕೇಳಿಕೊಂಡು ಹೊರಗೆ ಬಂದ.

ಶನಿವಾರ ರಜೆ ಹಾಕಿ ಸಂಭಾಜಿನಗರದ ಸರಕಾರಿ ಎಸ್ಟಿ ಬಸ್ಸು ಹತ್ತಿದ. ಮಂಜುಳಾ ದೌಲತಾಬಾದ ರಸ್ತೆಯ ಕಟ್ಟಡವೊಂದರಲ್ಲಿ ಉಸುಕು ಹೊರುತ್ತಿದ್ದಳು. ಅವನನ್ನು ಕಂಡು ಬುಟ್ಟಿ ಇಳಿಸಿದಳು. ನಾಲ್ಕು ತಾಸು ಬಸ್ಸಿನಲ್ಲಿ ಹೊಂದಿಸಿಕೊಂಡು ಬಂದಿದ್ದನ್ನೆಲ್ಲ ಅವನು ಒಂದೇ ಉಸಿರಿಗೆ ಹೇಳಿದ. ಬೆರಳು ನಿಂತಿದ್ದನ್ನು ಹೇಳಿದ, ಡಬ್ಬಿ ಆರುತ್ತಿದ್ದುದನ್ನೂ ಹೇಳಿದ.

“ಮಾಫಿ ನಿಮ್ಮ ಹತ್ರನ ಇರ್ಲಿ ಅಣ್ಣಾ. ಇದಕ್ಕ ಸಹಿ ಮಾಡ್ರಿ.”

ಸೊಂಟದ ಚೀಲದಿಂದ ಕಾಗದ ತೆಗೆದಳು. ಕಾಮಗಾರ ಕಚೇರಿಗೆ ಯಾರದೋ ಕೈಯಿಂದ ಮರಾಠಿಯಲ್ಲಿ ಬರೆಸಿದ ಅರ್ಜಿ. ಕೊನೆಯಲ್ಲೊಂದು ಸಾಕ್ಷಿಯ ಸಾಲು: ಈಕೆ ಕೆಲಸ ಬಿಡುವುದನ್ನು ನನಗೆ ಮೊದಲೇ ಹೇಳಿದ್ದಳು, ಗುರುತು ಸುಳ್ಳು. ಅದರ ಕೆಳಗೆ ಜಾಗ ಖಾಲಿಯಿತ್ತು.

ಸರಕಾರಿ ಕಚೇರಿ ಇದು, ಆರು ತಿಂಗಳು ಮುಟ್ಟಿಯೂ ನೋಡುವುದಿಲ್ಲ ಎಂದು ಅವನ ಬಾಯಿಂದ ಬಂದೇ ಬಿಟ್ಟಿತು. ಚಟ.

“ಗೊತ್ತದ. ಸರಕಾರ ಏನ್ ನನ್ನ ಸೋದರಮಾವ ಅಲ್ಲ. ಆದ್ರ ಅಲ್ಲಿ ಬಾಗಲದಾಗ ಕುಂತು ಒದರಬಹುದು, ಬೈಯ್ಯಾಕರೆ ಯಾವನೋ ಒಬ್ಬ ಹೊರಗ ಬರ್ತಾನ. ನಿಮ್ಮ ಮಿಷನ್ನಿನ ಮುಂದ ನಾ ಯಾರಿಗೆ ಒದರ್ಲಿ?”

ಮಲ್ಲಿನಾಥ ಸಿಮೆಂಟಿನ ಚೀಲದ ಮೇಲೆ ಕಾಗದವಿಟ್ಟು ಸಹಿ ಹಾಕಿದ. ಅಷ್ಟಕ್ಕೇ ಪೆನ್ನು ಮುಚ್ಚಿದ. ಬರಿಯ ಮಲ್ಲಿನಾಥನೆಂದರೆ ನಾಸಿಕದಲ್ಲಿ ಆ ಹೆಸರಿನವರು ನೂರು ಜನ. ಅರ್ಜಿ ಕಂಪನಿಗೆ ಹೋದರೂ ಸಹಿ ನನ್ನದಲ್ಲ ಎನ್ನಬಹುದಿತ್ತು. ಇಲ್ಲಿಯವರೆಗೆ ಬಂದು ತಪ್ಪೊಪ್ಪಿಕೊಂಡವನು ಇಷ್ಟು ಸಂದಿಯನ್ನು ಹೇಗೆ ಉಳಿಸಿಕೊಂಡನೋ, ಅವನಿಗೇ ಹೇಸಿಗೆಯಾಯಿತು.

ಮಂಜುಳಾ ಸಹಿ ನೋಡಿ ಕಾಗದವನ್ನು ಅವನ ಕಡೆಗೇ ತಿರುಗಿಸಿದಳು.

“ಹುದ್ದಾ ಬರೀರಿ.”

ಬರೆದ. ಹುದ್ದೆ, ಕಂಪನಿಯ ಹೆಸರು, ವಿಭಾಗ, ತನ್ನ ನಂಬರು, ಒಂದೊಂದಾಗಿ. ಅವಳು ಉಸುಕು ಊದಿ ಕಾಗದ ಮಡಚಿದಳು, ಬುಟ್ಟಿಯನ್ನು ತಾನೇ ಎತ್ತಿಕೊಂಡು ಹೋದಳು.